ಥ್ರೆಡ್ ಹೋದ ಸ್ಟಡ್‌ಗೆ ಮತ್ತೆ ಹಿಡಿತ: ಹಳೇ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ರಿಪೇರಿಯ ವಿಜ್ಞಾನ

ಇವತ್ತು ನಾವು ಆಕಾಶದ ವಿಷಯ ಬಿಟ್ಟು ಗ್ಯಾರೇಜಿಗೆ ಬರ್ತಾ ಇದ್ದೇವೆ. ಡಾಲಸ್ ಮತ್ತು ಫೋರ್ಟ್ ವರ್ತ್ ಮಧ್ಯೆ, ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ಯೂಲೆಸ್ ಊರಿನಿಂದ ಬಂದಿರುವ ಪ್ರಶ್ನೆ ಇದು: "ಹಳೇ ಎಂಜಿಬಿ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ನಟ್ ಬಿಗಿ ಮಾಡ್ತಾ ಇದ್ದೆ. ಬಿಗಿ ಆಗ್ತಾ ಬಂದು, ಇದ್ದಕ್ಕಿದ್ದಂತೆ ಸಡಿಲ ಆಯ್ತು. ಈಗ ಸುತ್ತಿದಷ್ಟೂ ಸುತ್ತುತ್ತೆ. ಸಿಲಿಂಡರ್ ಹೆಡ್ ಪೂರ್ತಿ ಹೋಯ್ತಾ?"

ಪಾನಾ ಹಿಡಿದವರಿಗೆಲ್ಲ ಆ ಕ್ಷಣ ಗೊತ್ತು. ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಉತ್ತರ ಮೊದಲೇ ಹೇಳಿಬಿಡ್ತೀವಿ: ಹೆಡ್ ಹೋಗಿಲ್ಲ. ಸರಿಯಾಗಿ ರಿಪೇರಿ ಮಾಡಿದರೆ ಆ ತೂತು ಮೊದಲಿಗಿಂತ ಗಟ್ಟಿ ಆಗುತ್ತೆ. ಆದರೆ ಆತುರಪಟ್ಟರೆ ನಿಜವಾಗಿಯೂ ಹೆಡ್ ಹೋಗುತ್ತೆ. ಈ ಎರಡರ ನಡುವಿನ ವ್ಯತ್ಯಾಸವೇ ಇವತ್ತಿನ ಪಾಠ.

ಇದು ಬರೀ ಶಬ್ದದ ತೊಂದರೆ ಅಲ್ಲ

ಮ್ಯಾನಿಫೋಲ್ಡ್ ಅಂದ್ರೆ ಎಲ್ಲ ಸಿಲಿಂಡರ್‌ಗಳಿಂದ ಬರುವ ಸುಟ್ಟ ಅನಿಲವನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆ ಕಳಿಸುವ ಬೀಡು ಕಬ್ಬಿಣದ ಕೊಳವೆ. ಹೆಡ್‌ಗೂ ಅದಕ್ಕೂ ನಡುವೆ ಒಂದು ಗ್ಯಾಸ್ಕೆಟ್ ಇರುತ್ತೆ. ಒಂದು ಸ್ಟಡ್ ಹಿಡಿತ ಬಿಟ್ಟರೂ ಗ್ಯಾಸ್ಕೆಟ್ ಮೇಲಿನ ಒತ್ತಡ ಅಲ್ಲಿ ಕಡಿಮೆ ಆಗಿ ಅನಿಲ ಸೋರುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಟಿಕ್ ಟಿಕ್ ಅನ್ನುವ ಶಬ್ದ, ಎಂಜಿನ್ ಬಿಸಿಯಾದ ಮೇಲೆ ಅದು ಕಡಿಮೆ ಆಗೋದು, ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟ್ ಪಟ್ ಸದ್ದು. ಇವೆಲ್ಲ ಅದರ ಲಕ್ಷಣ.

ಸೋರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಅಮೆರಿಕದ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ವ್ಯಾಪಕವಾಗಿ ಬಂದಿದ್ದು 1975ರ ಮಾಡೆಲ್‌ಗಳಿಂದ. ಅದಕ್ಕೂ ಹಳೆಯ ಕಾರುಗಳ ಹೊಗೆಯಲ್ಲಿ ಈ ವಿಷ ಬಹಳ ಹೆಚ್ಚು. ಕನ್ವರ್ಟರ್ ಇದ್ದರೂ ಮ್ಯಾನಿಫೋಲ್ಡ್ ಅದಕ್ಕಿಂತ ಮೊದಲೇ ಬರುತ್ತಲ್ಲ, ಅಲ್ಲಿ ಸೋರಿದ್ದು ಶುದ್ಧ ಆಗದ ಹೊಗೆಯೇ. ಹಳೇ ಕಾರುಗಳ ಬಾನೆಟ್ ಒಳಗಿಂದ ಕ್ಯಾಬಿನ್‌ಗೆ ಬರುವ ತಂತಿ, ಕೇಬಲ್‌ಗಳ ತೂತುಗಳ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತೆ. ಹೊಗೆ ಒಳಗೆ ಬರೋಕೆ ಅಷ್ಟು ಸಾಕು.

ಟೆಕ್ಸಾಸ್‌ನಲ್ಲಿ ಇರೋರು ಇನ್ನೊಂದು ಮಾತು ನೆನಪಿಡಿ. 2025ರ ಜನವರಿ 1ರಿಂದ ಇಲ್ಲಿ ಸ್ವಂತ ಬಳಕೆಯ ಕಾರುಗಳಿಗೆ ವರ್ಷಕ್ಕೊಮ್ಮೆಯ ಸುರಕ್ಷತಾ ತಪಾಸಣೆ ಇಲ್ಲ. ಯೂಲೆಸ್ ಇರುವ ಟ್ಯಾರಂಟ್ ಕೌಂಟಿಯಲ್ಲಿ ಹೊಗೆ ತಪಾಸಣೆ ಇನ್ನೂ ಇದೆ. ಆದರೆ 25 ವರ್ಷ ದಾಟಿದ ಕಾರು ಅದರಿಂದಲೂ ಹೊರಗೆ. ಅಂದ್ರೆ ಹಳೇ ಕಾರಿನ ಹೊಗೆ ಎಲ್ಲಿ ಸೋರುತ್ತೆ ಅಂತ ನೋಡೋಕೆ ಸರ್ಕಾರದ ಕಡೆಯವರು ಯಾರೂ ಬರಲ್ಲ. ನೋಡಬೇಕಾದವರು ನೀವೇ.

ಅಂಬಾಸಿಡರ್‌ಗೂ ಎಂಜಿಬಿಗೂ ಒಂದೇ ಮನೆತನ

ನಮ್ಮ ಊರಿನವರಿಗೆ ಎಂಜಿಬಿ ಅಪರಿಚಿತ ಅನ್ನಿಸಬಹುದು. ಆದರೆ ಅದರ ಎಂಜಿನ್ ನಮಗೆಲ್ಲ ಹಳೇ ಪರಿಚಯ. ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್‌ನ ಬಿ ಸರಣಿ ಎಂಜಿನ್ ಅದು. 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ 1489 ಸಿಸಿ, 1962ರಿಂದ 1980ರ ತನಕ ಬಂದ ಎಂಜಿಬಿಯಲ್ಲಿ 1798 ಸಿಸಿ. ಅದೇ 1489 ಸಿಸಿ ಬಿ ಸರಣಿಯೇ ದಶಕಗಳ ಕಾಲ ಹಿಂದುಸ್ತಾನ್ ಅಂಬಾಸಿಡರ್‌ನ ಎಂಜಿನ್. ಸರ್ಕಾರಿ ಕಚೇರಿ ಮುಂದೆ ನಿಲ್ಲುತ್ತಿದ್ದ ಬಿಳೀ ಅಂಬಾಸಿಡರ್ ಮತ್ತು ಟೆಕ್ಸಾಸ್ ಹೆದ್ದಾರಿಯ ಎರಡೇ ಸೀಟಿನ ಎಂಜಿಬಿ, ಎಂಜಿನ್ ಲೆಕ್ಕದಲ್ಲಿ ದಾಯಾದಿಗಳು. ಹಾಗಾಗಿ ಇವತ್ತಿನ ಪಾಠ ಎರಡೂ ಕಡೆಯವರಿಗೆ.

ಈ ಎಂಜಿನ್‌ನಲ್ಲಿ ಗಾಳಿ ಒಳಗೆ ಹೋಗುವ ಮತ್ತು ಹೊಗೆ ಹೊರಗೆ ಬರುವ ಮ್ಯಾನಿಫೋಲ್ಡ್‌ಗಳು ಎರಡೂ ಹೆಡ್‌ನ ಒಂದೇ ಬದಿಯಲ್ಲಿವೆ. ಕೆಲವು ಸ್ಟಡ್‌ಗಳ ಮೇಲೆ ದಪ್ಪ ವಾಷರ್ ಕೂತು ಒಂದೇ ನಟ್ ಎರಡನ್ನೂ ಒತ್ತಿ ಹಿಡಿಯುತ್ತೆ. ಎರಡರ ಫ್ಲ್ಯಾಂಜ್ ದಪ್ಪದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ವಾಷರ್ ಓರೆ ಕೂರುತ್ತೆ, ಒಂದು ಕಡೆ ಸೋರುತ್ತೆ. ಜನ ಅದನ್ನು ನಿಲ್ಲಿಸೋಕೆ ನಟ್ ಇನ್ನೂ ಬಿಗಿ ಮಾಡ್ತಾರೆ. ಥ್ರೆಡ್ ಕಿತ್ತುಬರೋದು ಆಗಲೇ.

ಸ್ಟಡ್ ಅಂದ್ರೆ ಒಂದು ಸ್ಪ್ರಿಂಗ್

ಸ್ಟಡ್ ಅನ್ನು ಮೊಳೆ ಥರ ಯೋಚಿಸಬೇಡಿ. ಗಟ್ಟಿಯಾದ ಸ್ಪ್ರಿಂಗ್ ಥರ ಯೋಚಿಸಿ. ನಟ್ ಬಿಗಿ ಮಾಡಿದಾಗ ಸ್ಟಡ್ ಒಂದಿಷ್ಟೇ ಇಷ್ಟು ಹಿಗ್ಗುತ್ತೆ. ಆ ಹಿಗ್ಗಿದ ಸ್ಟಡ್ ಮತ್ತೆ ಕುಗ್ಗೋಕೆ ನೋಡೋದೇ ಮ್ಯಾನಿಫೋಲ್ಡ್ ಅನ್ನು ಒತ್ತಿ ಹಿಡಿಯುವ ಬಲ.

ಒಂದು ಸಣ್ಣ ಲೆಕ್ಕ ಮಾಡೋಣ. 5/16 ಇಂಚಿನ ಸ್ಟಡ್, ಅಂದ್ರೆ 7.94 ಮಿಲಿಮೀಟರ್. ನಟ್ ಅನ್ನು 20 ನ್ಯೂಟನ್ ಮೀಟರ್ ತಿರುಚುಬಲದಿಂದ ಬಿಗಿ ಮಾಡಿದೆವು ಅಂದ್ಕೊಳ್ಳಿ. ಒಣ ಥ್ರೆಡ್‌ಗೆ ಎಂಜಿನಿಯರ್‌ಗಳು ಸಾಮಾನ್ಯವಾಗಿ ಬಳಸುವ ಘರ್ಷಣೆಯ ಅಂಕಿ 0.2. 20 ಅನ್ನು 0.2 ಮತ್ತು 0.00794ರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 12,600 ನ್ಯೂಟನ್ ಬರುತ್ತೆ. ಅಂದ್ರೆ ಹತ್ತಿರ ಹತ್ತಿರ 1,300 ಕಿಲೋ ತೂಕ. ಕಿರುಬೆರಳಿಗಿಂತ ಸಣ್ಣ ಸ್ಟಡ್ ಒಂದು ಕಾರಿನಷ್ಟು ಭಾರ ಎಳೆದು ಹಿಡಿದಿದೆ!

ಈಗ ಅದೇ ಥ್ರೆಡ್‌ಗೆ ಆಂಟಿ ಸೀಜ್ ಪೇಸ್ಟ್ ಹಚ್ಚಿ. ಘರ್ಷಣೆಯ ಅಂಕಿ 0.14ಕ್ಕೆ ಇಳಿಯಿತು ಅಂದುಕೊಂಡರೆ, ಅದೇ 20 ನ್ಯೂಟನ್ ಮೀಟರ್‌ಗೆ ಎಳೆತ ಸುಮಾರು 18,000 ನ್ಯೂಟನ್‌ಗೆ ಏರುತ್ತೆ. ಕೈಗೆ ಅದೇ ಬಿಗಿ ಅನ್ನಿಸುತ್ತೆ, ಥ್ರೆಡ್ ಮೇಲೆ ಮಾತ್ರ ಶೇಕಡಾ 40ಕ್ಕಿಂತ ಹೆಚ್ಚು ಹೊರೆ. ಮ್ಯಾನ್ಯುಯಲ್ ಒಣ ಥ್ರೆಡ್‌ಗೆ ಕೊಟ್ಟ ಸಂಖ್ಯೆಯನ್ನು ಪೇಸ್ಟ್ ಹಚ್ಚಿದ ಥ್ರೆಡ್‌ಗೆ ಬಳಸಬಾರದು ಅನ್ನೋದು ಇದಕ್ಕೇ.

ಹೊರೆ ಎಲ್ಲ ಸುತ್ತುಗಳಿಗೂ ಸಮನಾಗಿ ಹಂಚಿಕೆ ಆಗಲ್ಲ ಅನ್ನೋದು ಇನ್ನೊಂದು ಸಂಗತಿ. ಬಾಯಿಯ ಹತ್ತಿರದ ಮೊದಲ ಸುತ್ತೇ ಸುಮಾರು ಮೂರನೇ ಒಂದು ಭಾಗ ಹೊರುತ್ತೆ. ಅದು ಕಿತ್ತರೆ ಹೊರೆ ಎರಡನೆಯದಕ್ಕೆ, ಅದೂ ಕಿತ್ತರೆ ಮೂರನೆಯದಕ್ಕೆ. ಸಾಲಾಗಿ ನಿಲ್ಲಿಸಿದ ಇಟ್ಟಿಗೆ ಬಿದ್ದ ಹಾಗೆ. ಅದಕ್ಕೇ ಥ್ರೆಡ್ ಹೋಗೋದು ನಿಧಾನವಾಗಿ ಅಲ್ಲ, ಒಂದೇ ಸಲ.

ಬೆಂಕಿಯ ಪಾತ್ರ

ಮ್ಯಾನಿಫೋಲ್ಡ್ ಮಾತ್ರ ಯಾಕೆ ಇಷ್ಟು ಕಾಟ ಕೊಡುತ್ತೆ? ಬೀಡು ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ, ತನ್ನ ಉದ್ದದ ಪ್ರತಿ ಹತ್ತು ಲಕ್ಷ ಭಾಗಕ್ಕೆ ಸುಮಾರು 11 ಭಾಗ ಹಿಗ್ಗುತ್ತೆ. ಅರ್ಧ ಮೀಟರ್ ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿ ಏರಿದರೆ 2.75 ಮಿಲಿಮೀಟರ್ ಹಿಗ್ಗಬೇಕು. ನೀರಿನಿಂದ ತಣ್ಣಗಿರುವ ಹೆಡ್ ಏರೋದು 80 ಡಿಗ್ರಿ ಆಸುಪಾಸು, ಅದು ಹಿಗ್ಗೋದು 0.44 ಮಿಲಿಮೀಟರ್. ಹೆಡ್‌ಗೆ ಅಂಟಿದ ಫ್ಲ್ಯಾಂಜ್ ಕೊಳವೆಯಷ್ಟು ಕಾಯಲ್ಲ, ಆದ್ದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಕಡಿಮೆ. ಆದರೂ ಪ್ರತಿ ಸಲ ಕಾರು ಓಡಿಸಿದಾಗ ಮ್ಯಾನಿಫೋಲ್ಡ್ ಹೆಡ್ ಮೇಲೆ ಜಾರುತ್ತೆ, ನಿಲ್ಲಿಸಿದಾಗ ವಾಪಸ್ ಬರುತ್ತೆ. ಎರಡೂ ತುದಿಯ ಸ್ಟಡ್‌ಗಳು ಹೆಚ್ಚು ಬಾಗುತ್ತವೆ, ಅವೇ ಮೊದಲು ಮುರಿಯುತ್ತವೆ. ಮ್ಯಾನಿಫೋಲ್ಡ್‌ನ ತೂತುಗಳು ಸ್ಟಡ್‌ಗಿಂತ ದೊಡ್ಡದಾಗಿ ಇರೋದು ಈ ಜಾರಾಟಕ್ಕೆ ಜಾಗ ಕೊಡೋಕೆ.

ಇನ್ನು ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ, ಥ್ರೆಡ್ ಸಂದಿನಲ್ಲಿ ಬೆಣೆ ಹೊಡೆದ ಹಾಗೆ ಕೂರುತ್ತೆ. ಡಾಲಸ್ ಕಡೆಯಲ್ಲೇ ಇದ್ದ ಕಾರಾದರೆ ಸ್ವಲ್ಪ ಅದೃಷ್ಟ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಿಂದ ಬಂದ ಕಾರಾದರೆ, ಅಥವಾ ಗ್ಯಾಲ್ವೆಸ್ಟನ್, ಮಂಗಳೂರಿನಂಥ ಕಡಲ ಗಾಳಿಯ ಊರಿನದಾದರೆ, ತಾಳ್ಮೆ ಜಾಸ್ತಿ ಬೇಕು.

ಮೊದಲು ರೋಗ ಪತ್ತೆ ಮಾಡಿ

ನಟ್ ಸುಮ್ಮನೆ ಸುತ್ತಿದರೆ ಹೆಡ್‌ನ ಥ್ರೆಡ್ಡೇ ಹೋಗಿದೆ ಅಂತ ತೀರ್ಮಾನ ಮಾಡಬೇಡಿ. ಮೂರು ಸಾಧ್ಯತೆ ಇದೆ. ನಟ್‌ನ ಒಳಗಿನ ಥ್ರೆಡ್ ಹೋಗಿರಬಹುದು. ಅದಾದರೆ ನಟ್ ಬದಲಿಸಿದರೆ ಮುಗೀತು. ಸ್ಟಡ್‌ನ ಥ್ರೆಡ್ ಹೋಗಿರಬಹುದು. ಅದಾದರೆ ಸ್ಟಡ್ ಬದಲಿಸಿ. ಸ್ಟಡ್ಡೇ ನಟ್ ಜೊತೆ ಸುತ್ತುತ್ತಾ ಹೊರಗೆ ಬರ್ತಿದ್ದರೆ, ಅದರ ಸಂದಿನಲ್ಲಿ ಬೀಡಿನ ಪುಡಿ ಕಾಣಿಸಿದರೆ, ಆಗ ಹೆಡ್‌ನ ಥ್ರೆಡ್ ಹೋಗಿದೆ.

ಬಿ ಸರಣಿಯಂಥ ಬ್ರಿಟಿಷ್ ಎಂಜಿನ್‌ನಲ್ಲಿ ಈ ಸ್ಟಡ್‌ನ ಎರಡು ತುದಿ ಒಂದೇ ಥರ ಇರಲ್ಲ. ಹೆಡ್ ಒಳಗೆ ಹೋಗುವ ತುದಿ ಒರಟು ಥ್ರೆಡ್, ಇಂಚಿಗೆ 18. ನಟ್ ಕೂರುವ ತುದಿ ಸಣ್ಣ ಥ್ರೆಡ್, ಇಂಚಿಗೆ 24. ಬೀಡು ಕಬ್ಬಿಣ ಬಿರುಸು, ಅದರಲ್ಲಿ ಆಳವಾದ ಒರಟು ಥ್ರೆಡ್ ಗಟ್ಟಿಯಾಗಿ ನಿಲ್ಲುತ್ತೆ. ಉಕ್ಕಿನ ಮೇಲೆ ಸಣ್ಣ ಥ್ರೆಡ್ ನಿಖರವಾಗಿ ಬಿಗಿ ಆಗುತ್ತೆ.

ಇಲ್ಲೊಂದು ಬಲೆ ಇದೆ, ಮುಖ್ಯವಾಗಿ ನಮ್ಮ ಕಡೆ. 5/16 ಇಂಚು ಅಂದ್ರೆ 7.94 ಮಿಲಿಮೀಟರ್, ಎಂ8 ಅಂದ್ರೆ 8 ಮಿಲಿಮೀಟರ್. ಕಣ್ಣಿಗೆ ಒಂದೇ. ಆದರೆ ಇಂಚಿಗೆ 18 ಅಂದರೆ ಸುತ್ತಿನಿಂದ ಸುತ್ತಿಗೆ 1.41 ಮಿಲಿಮೀಟರ್, ಎಂ8ರಲ್ಲಿ ಅದು 1.25. ಒಂದೆರಡು ಸುತ್ತು ಸಲೀಸಾಗಿ ಹೋಗುತ್ತೆ, ಆಮೇಲೆ ಒಂದು ಥ್ರೆಡ್ ಇನ್ನೊಂದನ್ನು ಕತ್ತರಿಸುತ್ತಾ ಹೋಗುತ್ತೆ. ಹಳೇ ಇಂಚಿನ ಎಂಜಿನ್‌ಗೆ ಡಬ್ಬಿಯಲ್ಲಿ ಸಿಕ್ಕ ಎಂ8 ಬೋಲ್ಟ್ ಹಾಕಿ ಹಾಳಾದ ತೂತುಗಳಿಗೆ ಲೆಕ್ಕ ಇಲ್ಲ. ಥ್ರೆಡ್ ಗೇಜ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ.

ಹಳೇ ಸ್ಟಡ್ ತೆಗೆಯೋದು

ಸ್ಟಡ್ ಪೂರ್ತಿ ಇದ್ದರೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿ ಮಾಡಿ, ಒಳಗಿನ ನಟ್ ಅನ್ನು ಬಿಚ್ಚುವ ಕಡೆ ತಿರುಗಿಸಿ. ಬರದಿದ್ದರೆ ಒಳನುಗ್ಗುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬಿಸಿ ಮಾಡಿದರೆ ಇನ್ನೂ ಒಳ್ಳೆಯದು. ಬಿಸಿಯಾದಾಗ ಮೇಣದ ಬತ್ತಿ ಒತ್ತಿದರೆ ಕರಗಿದ ಮೇಣ ಥ್ರೆಡ್ ಸಂದಿಗೆ ತಾನೇ ಎಳೆದುಕೊಂಡು ಹೋಗುತ್ತೆ. ಇದು ಹಳೇ ಮೆಕ್ಯಾನಿಕ್‌ಗಳ ಉಪಾಯ.

ಸ್ಟಡ್ ಮುರಿದು ಹೆಡ್ ಮಟ್ಟಕ್ಕೆ ನಿಂತಿದ್ದರೆ, ಅದರ ಮೇಲೆ ನಟ್ ಇಟ್ಟು ಒಳಗೆ ವೆಲ್ಡ್ ಮಾಡೋದು ಉತ್ತಮ ದಾರಿ. ವೆಲ್ಡಿಂಗ್ ಬಿಸಿಗೆ ಸ್ಟಡ್ ಹಿಗ್ಗಿ, ಆರುವಾಗ ಕುಗ್ಗಿ, ತುಕ್ಕಿನ ಹಿಡಿತ ಬಿಟ್ಟುಹೋಗುತ್ತೆ. ಒಂದೇ ಒಂದು ಎಚ್ಚರಿಕೆ, ದಯವಿಟ್ಟು ಗಮನ ಕೊಡಿ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗದಲ್ಲಿ ವೆಲ್ಡಿಂಗ್ ಆಗಲಿ ಬೆಂಕಿ ಆಗಲಿ ಬೇಡ. ಫಾಸ್ಜೀನ್ ಅನ್ನುವ ಪ್ರಾಣಾಂತಕ ಅನಿಲ ಹುಟ್ಟುತ್ತೆ. ಹಾಗೆಯೇ 60, 70ರ ದಶಕದ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರಬಹುದು. ಒಣಗಿದ್ದಾಗ ಕೆರೆಯಬೇಡಿ, ಒದ್ದೆ ಮಾಡಿ, ಮಾಸ್ಕ್ ಹಾಕಿ ತೆಗೆಯಿರಿ.

ಅಂಗಡಿಯಲ್ಲಿ ಸಿಗುವ ಈಜಿ ಔಟ್ ಅನ್ನುವ ಸಣ್ಣ ಎಕ್ಸ್‌ಟ್ರಾಕ್ಟರ್ ಬಗ್ಗೆ ಹುಷಾರು. ಅದು ಬಿರುಸಾದ ಗಟ್ಟಿ ಉಕ್ಕು. ತುಕ್ಕು ಹಿಡಿದ ಸ್ಟಡ್ ಒಳಗೆ ಅದು ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲ್ಲ. ಆಗ ಸಣ್ಣ ಕೆಲಸ ದೊಡ್ಡ ಕೆಲಸ ಆಗುತ್ತೆ. ಅದಕ್ಕಿಂತ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ವಾಸಿ. ಎಷ್ಟೋ ಸಲ ಕೊರೆಯುತ್ತಾ ಇರುವಾಗಲೇ ಸ್ಟಡ್ ತಿರುಗಿಕೊಂಡು ಹೊರಗೆ ಬಂದುಬಿಡುತ್ತೆ.

ಹೊಸ ಥ್ರೆಡ್ ಕೂರಿಸೋದು

ಈಗ ಪಾಠದ ತಿರುಳಿಗೆ ಬಂದೆವು. ದಾರಿ ಮೂರು.

ಒಂದು, ದೊಡ್ಡ ಅಳತೆಗೆ ಟ್ಯಾಪ್ ಹೊಡೆದು ಒಂದು ತುದಿ ದಪ್ಪ ಇರುವ ಸ್ಟಡ್ ಹಾಕೋದು. ಸರಳ, ಗಟ್ಟಿ. ಆದರೆ ಮುಂದೆ ಬಿಡಿಭಾಗ ಹುಡುಕುವವರಿಗೆ ತಲೆನೋವು.

ಎರಡು, ತಂತಿಯ ಇನ್ಸರ್ಟ್. ಹೆಲಿಕಾಯಿಲ್ ಅನ್ನೋ ಹೆಸರಲ್ಲಿ ಎಲ್ಲರಿಗೂ ಗೊತ್ತು. ಸ್ಟೇನ್‌ಲೆಸ್ ಸ್ಟೀಲ್‌ನ ನಾಲ್ಕು ಮೂಲೆಯ ತಂತಿಯನ್ನು ಸ್ಪ್ರಿಂಗ್ ಹಾಗೆ ಸುತ್ತಿರುತ್ತಾರೆ. ಎರಡನೇ ಮಹಾಯುದ್ಧದ ಕಾಲದ ವಿಮಾನ ಎಂಜಿನ್‌ಗಳಲ್ಲಿ ಇದು ಬಳಕೆಗೆ ಬಂತು. ಮೆತ್ತನೆ ಅಲ್ಯೂಮಿನಿಯಂ ಎರಕದಲ್ಲಿ ಉಕ್ಕಿನ ಸ್ಟಡ್ ನಿಲ್ಲಬೇಕಲ್ಲ. ಯೂಲೆಸ್ ಮೇಲೆ ಹಾರುವ ವಿಮಾನಗಳಲ್ಲೂ ಇಂಥ ಇನ್ಸರ್ಟ್‌ಗಳನ್ನು ಹೊಸದರಲ್ಲೇ ಹಾಕಿರುತ್ತಾರೆ. ಅಂದ್ರೆ ಇದು ತೇಪೆ ಕೆಲಸ ಅಲ್ಲ.

ಮೂರು, ಗಟ್ಟಿ ಬುಷ್. ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ಕೊಳವೆ. ಟೈಮ್‌ಸರ್ಟ್ ಥರದವು ಕೊನೆಯ ಸುತ್ತುಗಳಲ್ಲಿ ಹಿಗ್ಗಿ ಲಾಕ್ ಆಗುತ್ತವೆ. ನಮ್ಮ ಊರಿನ ಲೇತ್ ಅಂಗಡಿಯವರು "ಬುಷ್ ಹಾಕಿಕೊಡ್ತೀವಿ ಸಾರ್" ಅನ್ನೋದೂ ಇದೇ ತತ್ವ. ಸ್ಟಡ್ ಆಗಾಗ ಬಿಚ್ಚುವ ಜಾಗಕ್ಕೆ, ತೂತಿನ ಗೋಡೆ ಬಹಳ ಹಾಳಾದ ಜಾಗಕ್ಕೆ ಇದು ಒಳ್ಳೆಯದು.

ತಂತಿ ಇನ್ಸರ್ಟ್ ಹಾಕುವ ಕ್ರಮ ನೋಡೋಣ. ಎಲ್ಲಕ್ಕಿಂತ ಮುಖ್ಯ, ಡ್ರಿಲ್ ನೇರ ಇರಬೇಕು. ಬರಿಗೈಯಲ್ಲಿ ಹಿಡಿದು ಕೊರೆದರೆ ಓರೆ ಆಗೋದು ಹೆಚ್ಚುಕಮ್ಮಿ ಖಂಡಿತ. ಸುಮಾರು 10 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯಲ್ಲಿ ಡ್ರಿಲ್ ಪ್ರೆಸ್‌ನಿಂದ ನೇರ ತೂತು ಮಾಡಿ, ಅದನ್ನು ಪಕ್ಕದ ಚೆನ್ನಾಗಿರುವ ಸ್ಟಡ್‌ಗಳಿಗೆ ಬಿಗಿದರೆ ಅದೇ ನಿಮ್ಮ ದಾರಿ ತೋರಿಸುವ ಜಿಗ್. ಬಾನೆಟ್ ಒಳಗೆ ಡ್ರಿಲ್‌ಗೆ ಜಾಗ ಇಲ್ಲದಿದ್ದರೆ ಮೂಲೆ ತಿರುಗಿದ ಡ್ರಿಲ್ ತನ್ನಿ. ಅದೂ ಆಗದಿದ್ದರೆ ಹೆಡ್ ಬಿಚ್ಚಿ.

ತೂತು ಎಷ್ಟು ಆಳ ಅಂತ ತಂತಿ ಇಳಿಸಿ ಅಳೆಯಿರಿ, ಡ್ರಿಲ್ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ತಳ ಮುಚ್ಚಿದ ತೂತನ್ನು ಕೊರೆದು ದಾಟಿಸಿದರೆ ನೀರಿನ ಜಾಕೆಟ್ ತಲುಪಬಹುದು. ಕೆಲವು ಎಂಜಿನ್‌ಗಳಲ್ಲಿ ತೂತು ಮೊದಲಿಂದಲೇ ನೀರಿಗೆ ತೆರೆದಿರುತ್ತೆ. ಸ್ಟಡ್ ತೆಗೆದಾಗ ಕೂಲೆಂಟ್ ಜಿನುಗಿದರೆ ಅದೇ ಗುರುತು. ಅಲ್ಲಿ ಜೋಡಿಸುವಾಗ ಸೀಲೆಂಟ್ ಹಚ್ಚಲೇಬೇಕು.

5/16 ಇಂಚು, ಇಂಚಿಗೆ 18ರ ಇನ್ಸರ್ಟ್‌ಗೆ ಡ್ರಿಲ್ ಸುಮಾರು 8.4 ಮಿಲಿಮೀಟರ್. ಕಿಟ್ ಮೇಲೆ ಬರೆದ ಅಳತೆಯನ್ನೇ ಬಳಸಿ. ಟ್ಯಾಪ್ ಕೂಡ ಕಿಟ್‌ನದ್ದೇ ಆಗಬೇಕು. ಸಾಮಾನ್ಯ ಟ್ಯಾಪ್ ಇದಕ್ಕೆ ಹೊಂದಲ್ಲ. ಬೀಡು ಕಬ್ಬಿಣದಲ್ಲಿ ಗ್ರಾಫೈಟ್ ಇರೋದರಿಂದ ಒಣದಾಗಿಯೇ ಕೊರೆಯಬಹುದು. ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಅಲ್ಯೂಮಿನಿಯಂ ಹೆಡ್‌ಗೆ ಕಟಿಂಗ್ ಎಣ್ಣೆ ಬೇಕು. ಟ್ಯಾಪ್ ಅನ್ನು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಚೂರು ತುಂಡಾಗಿ ಬೀಳುತ್ತೆ. ಎಕ್ಸಾಸ್ಟ್ ಪೋರ್ಟ್‌ಗಳಿಗೆ ಮೊದಲೇ ಬಟ್ಟೆ ತುರುಕಿ, ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಕನ್ನಡಕ ಹಾಕಿಕೊಳ್ಳಿ.

ಆಮೇಲೆ ಇನ್ಸರ್ಟ್ ಅನ್ನು ಅದರ ಸಾಧನಕ್ಕೆ ಸಿಕ್ಕಿಸಿ ತಿರುಗಿಸಿ. ಹೆಡ್ ಮೇಲ್ಮೈಗಿಂತ ಕಾಲರಿಂದ ಅರ್ಧ ಸುತ್ತು ಕೆಳಗೆ ನಿಲ್ಲಿಸಿ. ಮೇಲಕ್ಕೆ ಬಂದರೆ ಗ್ಯಾಸ್ಕೆಟ್ ಸರಿ ಕೂರಲ್ಲ. ಹಿಂದಕ್ಕೆ ತಿರುಗಿಸಬೇಡಿ, ಸುರುಳಿ ಬಿಚ್ಚಿಕೊಳ್ಳುತ್ತೆ. ತಳದಲ್ಲಿ ಅಡ್ಡ ಇರುವ ಸಣ್ಣ ನಾಲಿಗೆಯನ್ನು ಮುರಿದು ಚಿಮಟದಿಂದ ಹೊರಗೆ ತೆಗೆಯಿರಿ.

ಇನ್ನು "ಮೊದಲಿಗಿಂತ ಗಟ್ಟಿ" ಅಂದೆವಲ್ಲ, ಅದು ಹೇಗೆ? ಇನ್ಸರ್ಟ್‌ನ ಹೊರಗಿನ ವ್ಯಾಸ ಸುಮಾರು 9.8 ಮಿಲಿಮೀಟರ್. ಮೊದಲು 7.94 ಮಿಲಿಮೀಟರ್ ವ್ಯಾಸದ ಸುತ್ತಳತೆಯಲ್ಲಿ ಬೀಳುತ್ತಿದ್ದ ಹೊರೆ ಈಗ ಐದನೇ ಒಂದು ಭಾಗಕ್ಕಿಂತಲೂ ಹೆಚ್ಚು ದೊಡ್ಡದಾದ ಸುತ್ತಳತೆಗೆ ಹಂಚಿಕೆ ಆಗುತ್ತೆ. ತಂತಿ ಸ್ವಲ್ಪ ಹೊಂದಿಕೊಂಡು ಹೋಗೋದರಿಂದ ಮೊದಲ ಸುತ್ತಿನ ಮೇಲಿನ ಹೊರೆಯೂ ಕಡಿಮೆ ಆಗುತ್ತೆ. ಆದರೆ ಉದ್ದ ಬೇಕು. ಬೀಡು ಕಬ್ಬಿಣಕ್ಕೆ ವ್ಯಾಸದ ಒಂದೂವರೆ ಪಟ್ಟು, ಅಂದ್ರೆ ಇಲ್ಲಿ ಸುಮಾರು 12 ಮಿಲಿಮೀಟರ್ ಹಿಡಿತ ಒಳ್ಳೆಯದು.

ಬಿಸಿಗೆ ತಡೆಯುತ್ತಾ? ಸಾಮಾನ್ಯ ಸ್ಟೇನ್‌ಲೆಸ್ ಇನ್ಸರ್ಟ್ ಸುಮಾರು 425 ಡಿಗ್ರಿ ಸೆಲ್ಸಿಯಸ್ ತನಕ ಸರಿ. ನೀರು ಸುತ್ತುವ ಹೆಡ್ ಒಳಗಿನ ತೂತು ಅದರ ಹತ್ತಿರವೂ ಹೋಗಲ್ಲ. ಆದರೆ ಮ್ಯಾನಿಫೋಲ್ಡ್‌ನ ಕೆಳತುದಿಯಲ್ಲಿ, ಪೈಪ್ ಸೇರುವ ಜಾಗದ ಸ್ಟಡ್‌ಗಳಿಗೆ ಈ ಮಾತು ಅನ್ವಯಿಸಲ್ಲ. ಅಲ್ಲಿ ಶಾಖ ತಡೆಯುವ ಮಿಶ್ರಲೋಹದ ಇನ್ಸರ್ಟ್ ಅಥವಾ ದೊಡ್ಡ ಸ್ಟಡ್ ನೋಡಿ.

ಮತ್ತೆ ಜೋಡಿಸುವಾಗ

ಸ್ಟಡ್ ಅನ್ನು ಕೈಯಲ್ಲಿ ತಿರುಗಿಸಿ ಕೂರಿಸಿದರೆ ಸಾಕು. ತಳಕ್ಕೆ ತಾಗಿಸಿ ಅಮುಕಬೇಡಿ. ಮ್ಯಾನಿಫೋಲ್ಡ್ ಮುಖ ಸಮ ಇದೆಯಾ ಅಂತ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಬಾಗಿದ್ದರೆ ಮೆಷಿನ್ ಶಾಪ್‌ನಲ್ಲಿ ಸಮ ಮಾಡಿಸಿ. ಬಾಗಿದ ಮ್ಯಾನಿಫೋಲ್ಡ್ ಅನ್ನು ನಟ್‌ನಿಂದ ನೆಟ್ಟಗೆ ಮಾಡೋಕೆ ಹೋದರೆ ಅದೇ ಕಥೆ ಮತ್ತೆ ಶುರು. ಹೊಸ ಗ್ಯಾಸ್ಕೆಟ್ ಹಾಕಿ. ನಟ್ ಹಿತ್ತಾಳೆಯದ್ದಾದರೆ ಒಳ್ಳೆಯದು. ಅದು ಉಕ್ಕಿನ ಜೊತೆ ತುಕ್ಕು ಕಟ್ಟಿ ಬೆಸೆದುಕೊಳ್ಳಲ್ಲ, ಅತಿಯಾಗಿ ಬಿಗಿ ಮಾಡಿದರೆ ಹೆಡ್ ಬದಲು ತಾನೇ ಹೋಗುತ್ತೆ. ಹೆಡ್‌ಗಿಂತ ನಟ್ ಅಗ್ಗ ತಾನೇ?

ನಡುವಿನಿಂದ ಶುರು ಮಾಡಿ ಎರಡೂ ತುದಿ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಒಂದು ಸಲ ಕಾರು ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ. ಸೋರಿಕೆ ಪರೀಕ್ಷೆಗೆ ಒಂದು ಸುಲಭ ದಾರಿ ಇದೆ. ಎಂಜಿನ್ ತಣ್ಣಗಿದ್ದಾಗ ಸೈಲೆನ್ಸರ್ ಬಾಯಿಗೆ ಶಾಪ್ ವ್ಯಾಕ್ಯೂಮ್‌ನ ಗಾಳಿ ಊದುವ ಕಡೆ ಸೇರಿಸಿ, ಗ್ಯಾಸ್ಕೆಟ್ ಅಂಚಿಗೆ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಎಂಜಿನ್ ಓಡಿಸಿ ನೋಡುವಾಗ ಗ್ಯಾರೇಜ್ ಬಾಗಿಲು ತೆರೆದಿದ್ದರೆ ಸಾಕು ಅಂದ್ಕೋಬೇಡಿ, ಕಾರನ್ನು ಹೊರಗೆ ತಳ್ಳಿ.

ಯಾವಾಗ ಕೈಬಿಡಬೇಕು? ತೂತಿನ ಸುತ್ತ ಬಿರುಕು ಕಂಡರೆ, ಗಟ್ಟಿ ಉಕ್ಕಿನ ತುಂಡು ಒಳಗೆ ಸಿಕ್ಕಿದ್ದರೆ, ಹಿಂದೆ ಯಾರೋ ಓರೆಯಾಗಿ ಕೊರೆದಿದ್ದರೆ, ಹೆಡ್ ಬಿಚ್ಚಿ ಮೆಷಿನ್ ಶಾಪ್‌ಗೆ ಕೊಡಿ. ಅದು ಸೋಲಲ್ಲ, ಉಳಿತಾಯ.

ಯೂಲೆಸ್‌ನ ಕೇಳುಗರೇ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂದ್ಕೋತೀವಿ. ಮೊದಲು ಥ್ರೆಡ್ ಅಳೆಯಿರಿ, ಜಿಗ್ ಮಾಡಿ, ನೇರ ಕೊರೆಯಿರಿ, ಟಾರ್ಕ್ ಮೀರಬೇಡಿ. ಅಲ್ಲಿಯ ತನಕ ಆ ಕಾರನ್ನು ಕಿಟಕಿ ಮುಚ್ಚಿಕೊಂಡು ಓಡಿಸಬೇಡಿ. ಕಿಟಕಿ ತೆರೆದೂ ಓಡಿಸದಿದ್ದರೆ ಇನ್ನೂ ಒಳ್ಳೆಯದು. ಉಳಿದ ಕೇಳುಗರೂ ನಿಮ್ಮ ಗ್ಯಾರೇಜಿನ, ಅಡುಗೆಮನೆಯ, ಹೊಲದ ಪ್ರಶ್ನೆಗಳನ್ನು ಕಳಿಸಿ.